ಗಿರಣಿಯವರು ಹೇಳದೆ ಇಟ್ಟ ಗಾಯ

ಓದು ಮುಗಿದ ಮೇಲೆ ನನಗೆ ಕೆಲಸ ಸಿಕ್ಕಿದ್ದು ಬಳ್ಳಾರಿಯ ಕೌಲ್ ಬಜಾರಿನ ಒಂದು ಸಣ್ಣ ಕಚೇರಿಯಲ್ಲಿ. ಅಕ್ಕಿ ಗಿರಣಿ, ಜೀನ್ಸ್ ಘಟಕಗಳ ಪರವಾಗಿ ಕಾರ್ಮಿಕ ಇಲಾಖೆಗೆ ವಿವರ ಸಲ್ಲಿಸುವ ಕೆಲಸ. ಕಚೇರಿ ನಡೆಸುವವರನ್ನು ಎಲ್ಲರೂ ಆಪಾ, ಅಂದರೆ ಅಕ್ಕ, ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ.

ಸಿರುಗುಪ್ಪದ ಒಂದು ಅಕ್ಕಿ ಗಿರಣಿಗೆ ನೋಟಿಸ್ ಬಂದಿತ್ತು. ಕೆಲಸಗಾರರಿಗೆ ಆದ ಗಾಯ, ಕೊಟ್ಟ ಪರಿಹಾರದ ವಾರ್ಷಿಕ ವಿವರ ಕಳಿಸಿಲ್ಲ, ದಂಡ ಏಕೆ ಹಾಕಬಾರದು ಎಂದು. ವಿವರ ತರಲು ಆಪಾ ನನ್ನನ್ನು ಕಳಿಸಿದರು.

"ಗಾಯ ಇಲ್ಲ, ಪರಿಹಾರ ಇಲ್ಲ ಅಂತ ಬರಿಯಮ್ಮಾ" ಎಂದರು ಮಾಲೀಕರು. ಅಷ್ಟರಲ್ಲಿ ಬಾದನಹಟ್ಟಿಯ ಕೆಲಸಗಾರರೊಬ್ಬರು ನನಗೆ ಚಹಾ ತಂದುಕೊಟ್ಟರು. ಅವರ ಬಲಗೈಯಲ್ಲಿ ಎರಡು ಬೆರಳಿರಲಿಲ್ಲ.

ನಾನು ನೋಡಿದ್ದನ್ನು ಮಾಲೀಕರು ಗಮನಿಸಿದರು. "ಹೋದ ವರ್ಷ ಮಷೀನಿನ ಬೆಲ್ಟಿಗೆ ಕೈ ಸಿಕ್ಕಿತು. ದವಾಖಾನಿ ಖರ್ಚು ನಾನೇ ನೋಡೀನಿ. ಇವತ್ತಿಗೂ ಇವನ ಮನಿಗೆ ಅಕ್ಕಿ ನಮ್ಮದೇ. ಕೊಟ್ಟಿದ್ದನ್ನ ಸರ್ಕಾರಕ್ಕ ಹೇಳ್ಕೊಂಡ್ರ ಪುಣ್ಯ ಉಳೀತೈತೇನು?"

ಅದು ನೆಪವಾಗಿರಲಿಲ್ಲ. ಸತ್ಯನಾರಾಯಣಪೇಟೆಯ ನಮ್ಮ ಮನೆಯಲ್ಲೂ ಕೊಟ್ಟದ್ದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಗಾಯವೇ ಆಗಿಲ್ಲ ಎಂದು ಬರೆದರೆ, ದುಡಿಯುವ ಶಕ್ತಿ ಕಡಿಮೆಯಾದದ್ದಕ್ಕೆ ಕಾನೂನು ಕೊಡಿಸುವ ಪರಿಹಾರ ಆ ಕೆಲಸಗಾರರ ಕೈತಪ್ಪುತ್ತಿತ್ತು.

"ಹಂಗ ಬರಿಯಾಕ ಆಗಂಗಿಲ್ರಿ" ಎಂದೆ.

"ಓದಿದ ಹುಡುಗಿ ನನಗ ದಂಡ ಹಾಕಿಸಾಕ ಬಂದಾಳ ನೋಡ್ರಿ!" ಎಂದು ಪಕ್ಕದಲ್ಲಿದ್ದ ಗಿರಣಿಯ ಗುಮಾಸ್ತರ ಕಡೆ ತಿರುಗಿ ನಕ್ಕರು.

ಆಪಾಗೆ ಫೋನ್ ಮಾಡಿದೆ. ಗಿರಣಿಯವರು ಹಳೆಯ ಗಿರಾಕಿ, ಅವರು ಹೇಳಿದಂತೆ ಬರಿ ಅನ್ನಬಹುದು ಎಂಬ ಅಳುಕಿತ್ತು. ವಿಷಯ ಕೇಳಿ ಆಪಾ ಫೋನಿನ ಸ್ಪೀಕರ್ ಹಾಕಲು ಹೇಳಿದರು.

"ಸಾವ್ಕಾರ್ರೇ, ಅಕ್ಕಿ ಕೊಟ್ಟಿದ್ದು ದೇವರಿಗೆ ಗೊತ್ತೈತಿ, ಅದನ್ನ ನಾವು ಬರಿಯಂಗಿಲ್ಲ. ಬೆರಳು ಹೋಗಿದ್ದು ಇಲಾಖೆಗೆ ಗೊತ್ತಾಗಬೇಕ್ರಿ."

"ಮತ್ತ ದಂಡ?"

"ತಡ ಮಾಡೀರಿ, ಹಾಕಿದ್ರ ಕಟ್ಟಿಬಿಡ್ರಿ. ನಮ್ಮ ಹುಡುಗಿ ಸುಳ್ಳು ಬರಿಯಂಗಿಲ್ಲ, ನಾನೂ ಬರಿಸಂಗಿಲ್ಲ."

ಚಹಾ ಕೊಟ್ಟು ಬಾಗಿಲಲ್ಲೇ ನಿಂತಿದ್ದ ಆ ಕೆಲಸಗಾರರನ್ನು ಮಾಲೀಕರು ಕೇಳಿದರು, "ಏನಲೇ, ನಿನಗ ಪರಿಹಾರ ಬೇಕೇನು?"

"ಅಕ್ಕಿ ನಿಲ್ಲಸ್ತೀರೇನ್ರಿ?"

"ಹುಚ್ಚ, ಅಕ್ಕಿ ಯಾಕ ನಿಲ್ಲಸ್ಲಿ?"

"ಹಂಗಾದ್ರ ಬೇಕ್ರಿ."

ಮಾಲೀಕರಿಗೆ ನಗು ತಡೆಯಲಾಗಲಿಲ್ಲ. "ಬರಿಯಮ್ಮಾ, ಇದ್ದದ್ದು ಇದ್ದಂಗ ಬರಿ" ಎಂದರು.

ದಂಡ ಬಿತ್ತು, ಗೊಣಗುತ್ತಲೇ ಕಟ್ಟಿದರು. ಕೆಲವು ತಿಂಗಳ ನಂತರ ಪರಿಹಾರದ ಹಣ ಕುರುಗೋಡಿನ ಬ್ಯಾಂಕಿನಲ್ಲಿದ್ದ ಆ ಕೆಲಸಗಾರರ ಖಾತೆಗೆ ಬಂತು.

ಆ ದಿನಕ್ಕಾಗಿ ಆಪಾಗೆ ನಾನು ಕೃತಜ್ಞತೆ ಹೇಳಿಲ್ಲ. ಅಂಥ ಮಾತು ನನಗೆ ಸುಲಭವಾಗಿ ಬರುವುದಿಲ್ಲ. ಹೊಸಬಳಾಗಿದ್ದ ನನ್ನ ಬೆನ್ನಿಗೆ ಅವರು ನಿಂತದ್ದು ಮಾತ್ರ ಮರೆತಿಲ್ಲ. ಬಾಗಿಲಲ್ಲಿ ನಿಂತಿದ್ದವರಿಗೂ ನಾನು ಋಣಿ. ಯಜಮಾನರ ಎದುರಿಗೇ ಅವರು ಪರಿಹಾರ ಬೇಕು ಎಂದದ್ದರಿಂದ ನಿಜ ಬರೆಯುವುದು ನನಗೆ ಸುಲಭವಾಯಿತು.