ಖಾಲಿ ಸೈಟಿನ ಬೆರಕೆ ಸೊಪ್ಪು

ನನ್ನ ಬಾಯಿ ದೊಡ್ಡದು. ಹೊಳೆನರಸೀಪುರದಲ್ಲಿ ಎಷ್ಟೋ ವರ್ಷ ಮೇಷ್ಟ್ರಾಗಿದ್ದವನಿಗೆ ಬುದ್ಧಿ ಹೇಳುವುದೇ ಚಟ. ಪಕ್ಕದ ಮನೆಯ ಅಕ್ಕನ ಮಗ ಹಳೇಕೋಟೆಯ ತೋಟಕ್ಕೆ ಕಳೆ ಔಷಧಿ ಹೊಡೆದು ಬಂದಾಗ ಬೀದಿಯಲ್ಲೇ ನಿಲ್ಲಿಸಿಕೊಂಡು ಬೈದಿದ್ದೆ. ‘ಆ ಬಟ್ಟೇಲೇ ಮಗಳನ್ನ ಎತ್ತಿಕೊಳ್ತೀಯಲ್ಲೋ, ಜ್ಞಾನ ಬೇಡವಾ?’ ಅವನು ತಲೆ ತಗ್ಗಿಸಿ ಕೇಳಿಸಿಕೊಂಡಿದ್ದ.

ಹೇಳೋದು ಶಾಸ್ತ್ರ, ಹಾಕೋದು ಗಾಳ. ನನ್ನ ಮಗಳ ಸೀಮಂತಕ್ಕೆ ಬೀಗರು ಬರುತ್ತಾರೆಂದಾಗ ಅದೇ ಔಷಧಿ ತಂದೆ. ಮನೆ ಮುಂದೆ ಶೋಕಿಗೆ ಬೆಳೆಸಿದ್ದ ಲಾನಿನ ಅಂಚಿಗೆಲ್ಲ ಕಳೆ ಎದ್ದಿತ್ತು. ಕೂತು ಕೀಳೋಣವೆಂದರೆ ಮಂಡಿನೋವು. ಬೀದಿಯಲ್ಲಿ ಯಾರೂ ಇಲ್ಲದ ಮಧ್ಯಾಹ್ನ ನೋಡಿಕೊಂಡು, ಕಳ್ಳನ ಹಾಗೆ ಸಿಂಪಡಿಸಿದೆ. ಕ್ಯಾನಿನಲ್ಲಿ ಉಳಿದದ್ದನ್ನು ಪಕ್ಕದ ಖಾಲಿ ಸೈಟಿಗೂ ಹೊಡೆದು ಕೈ ತೊಳೆದೆ. ಯಾರಿಗೂ ಹೇಳಲಿಲ್ಲ.

ಆ ಔಷಧಿ ಬಿದ್ದರೂ ಎಲೆ ಮೂರ್ನಾಲ್ಕು ದಿನ ಹಸಿರಾಗಿಯೇ ಇರುತ್ತದೆ. ಮಾರನೇ ದಿನ ಬೆಳಿಗ್ಗೆ ಅಕ್ಕ ಆ ಸೈಟಿನಲ್ಲಿ ಬೆರಕೆ ಸೊಪ್ಪು ಕಿತ್ತಿದ್ದಾರೆ. ಅಣ್ಣೆ ಸೊಪ್ಪು, ಕಿರ್ಕೀರೆ, ಗೋಣಿ ಸೊಪ್ಪು. ನನಗೆ ಕಳೆ, ಅವರಿಗೆ ಸಾರು. ಊಟದ ಹೊತ್ತಿಗೆ ಒಂದು ಬಟ್ಟಲು ಮಸ್ಸೊಪ್ಪು ಹಿಡಿದು ಬಂದರು.

‘ಬಸುರಿ ಎಂಗ್ಸು, ಬಾಯಿಗೆ ರುಚಿಯಾಗ್ಲಿ ಅಂತ ತಂದೆ ಕಣ್ ಮೇಷ್ಟ್ರೇ. ನಿಮ್ಮನೆ ಪಕ್ಕದ್ದೇ ಸೊಪ್ಪು, ಏನ್ ಚೆಂದಾಗ್ ಬಂದೈತೆ ಅಂತೀರಿ!’

ಮಗಳು ಆಗಲೇ ತುತ್ತು ಅದ್ದಿದ್ದಳು. ಬಟ್ಟಲು ಕಿತ್ತುಕೊಂಡು ಅಕ್ಕನ ಕೈಗೇ ಕೊಟ್ಟೆ. ‘ಡಾಕ್ಟ್ರು ಸೊಪ್ಪು ಬೇಡ ಅಂದಿದಾರೆ’ ಎಂದೆ.

‘ಬಸುರೀಗೆ ಸೊಪ್ಪು ಬ್ಯಾಡ ಅಂದೋನು ಅದ್ಯಾವ ಸೀಮೆ ಡಾಕ್ಟ್ರು?’ ಅಕ್ಕ ನಕ್ಕರು. ‘ಓಗ್ಲಿ ಬುಡಿ, ನಮ್ ಮಗೀಗೆ ಇಕ್ತೀನಿ. ಅದ್ಕೆ ಇದಂದ್ರೆ ಪಿರಾಣ.’

ಗೇಟಿನವರೆಗೆ ಹಿಂದೆ ಹೋದೆ. ‘ಅಕ್ಕಾ’ ಎಂದು ಕರೆದೆ ಕೂಡ. ಅಲ್ಲಿ ಅವರ ಮಗ ಸ್ಕೂಟರ್ ಒರೆಸುತ್ತಿದ್ದ, ನನ್ನಿಂದ ಬೈಸಿಕೊಂಡಿದ್ದವನು. ಅವನೆದುರು ಹೇಗೆ ಬಾಯಿ ಬಿಡಲಿ? ‘ಏನಿಲ್ಲ, ಹೋಗಿ’ ಎಂದುಬಿಟ್ಟೆ. ನನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ!

ಸಾಯಂಕಾಲ ಅಕ್ಕನ ಮೊಮ್ಮಗಳಿಗೆ ಒಂದೇ ಸಮ ವಾಂತಿ. ಅವರ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ನನ್ನ ಕಾರಿನಲ್ಲೇ ಹಾಸನದ ಆಸ್ಪತ್ರೆಗೆ ಕರೆದೊಯ್ದೆ. ಏನು ತಿಂದಳೆಂದು ಡಾಕ್ಟರು ಕೇಳಿದರು.

‘ಮುದ್ದೆ, ಮಸ್ಸೊಪ್ಪು ಅಷ್ಟೇಯ ಸಾ. ನಾನೇ ಮಾಡಿದ್ದು’ ಎಂದು ಅಕ್ಕ ಕೈ ಮುಗಿದರು.

ಆಗ ನಾನು ನಿಜ ಹೇಳಿದೆ. ಇಂಗ್ಲಿಷಿನಲ್ಲಿ ಹೇಳಿದೆ, ಅಕ್ಕನಿಗೆ ತಿಳಿಯದಿರಲಿ ಎಂದು. ಡಾಕ್ಟರು ಅಕ್ಕನ ಕಡೆ ತಿರುಗಿ ಕನ್ನಡದಲ್ಲೇ ಕೇಳಿದರು. ‘ಅಜ್ಜೀ, ಆ ಸೊಪ್ಪಿಗೆ ಇವರು ಕಳೆ ಔಷಧಿ ಹೊಡೆದಿದ್ರಂತೆ. ಮಗು ಎಷ್ಟು ತಿಂತು?’

ಮಾರನೇ ದಿನ ಮಗು ಚೇತರಿಸಿಕೊಂಡಿತು. ಸೊಪ್ಪಿನಿಂದಲೇ ಆಯಿತೆಂದು ಡಾಕ್ಟರು ಖಂಡಿತವಾಗಿ ಹೇಳಲಿಲ್ಲ. ಅದರಿಂದ ನನ್ನ ನಾಚಿಕೆಯೇನೂ ಕಡಿಮೆಯಾಗಲಿಲ್ಲ. ಅಕ್ಕ ಉಗಿದಿದ್ದರೆ ಬದುಕಿಕೊಳ್ಳುತ್ತಿದ್ದೆ. ವಾಪಸು ಬರುವಾಗ ಕಾರಿನಲ್ಲಿ, ಮಲಗಿದ್ದ ಮಗುವಿನ ತಲೆ ಸವರುತ್ತ ಒಂದೇ ಮಾತು ಕೇಳಿದರು.

‘ಮಗಳ ಕೈಯಿಂದ ಕಿತ್ಕಂಡ್ ಬಟ್ಲ ನನ್ ಕೈಗೆ ಕೊಟ್ರಲ್ಲ ಮೇಷ್ಟ್ರೇ, ಆಗ ನಮ್ ಮಗೀನ ನೆಪ್ಪು ಬರ್ನಿಲ್ವಾ?’

ಬಂದಿತ್ತು.