ಹರಿಹರದ ಸ್ಟೇಷನ್ನಿನಲ್ಲಿ ಚೆಲ್ಲಿದ ಉಡಿಯಕ್ಕಿ

ನನ್ನ ಮದುವೆ ಗೊತ್ತಾಗಿದ್ದ ವರ್ಷ. ಆಗ ನಾವು ದಾವಣಗೆರೆಯ ಆನೆಕೊಂಡದಲ್ಲಿದ್ದೆವು. ಪಕ್ಕದ ಮನೆಯವನು ಹತ್ತಿ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ಬೀದಿಯಲ್ಲಿ ತಲೆ ಎತ್ತದ ಸಂಭಾವಿತ. ಮನೆಯೊಳಗೆ ಹೆಂಡತಿಯನ್ನು ದನಕ್ಕೆ ಬಡಿದ ಹಾಗೆ ಬಡಿಯುತ್ತಿದ್ದ. ಅವನ ಕೈ ಸೇದಿಹೋಗ! ಇಷ್ಟು ವರ್ಷವಾದರೂ ನನ್ನ ಬಾಯಲ್ಲಿ ಅವನಿಗೆ ಒಳ್ಳೆಯ ಮಾತು ಬರುವುದಿಲ್ಲ.

ಆಕೆಗೆ ಹೆಚ್ಚೂಕಡಿಮೆ ನನ್ನದೇ ವಯಸ್ಸು. ಕುಕ್ಕುವಾಡದ ತವರಿಗೆ ಓಡಿಹೋದರೆ ಅವರು ಬುದ್ಧಿ ಹೇಳಿ ಮತ್ತೆ ತಂದು ಬಿಡುತ್ತಿದ್ದರು. ಅಂಥ ತವರಿಗೆ ಬೆಂಕಿ ಹಾಕ ಎಂದು ನಮ್ಮವ್ವ ಬೈಯುತ್ತಿದ್ದಳು. ಏಟು ತಿಂದ ದಿನ ಒಳಗೆ ಕರೆದು, ಅರಿಶಿನ ಹಚ್ಚಿ, ಉಣ್ಣಲಿಕ್ಕೆ ಇಕ್ಕುತ್ತಿದ್ದಳು. ಆದರೆ ಗಂಡ ಹೆಂಡಿರ ನಡುವೆ ಬಂದರೆಂದು ಓಣಿಯವರು ಆಡಿಕೊಂಡಾರೆಂಬ ಅಂಜಿಕೆ. ಕತ್ತಲಾಗುವ ಮುಂಚೆ ಕಳಿಸಿಬಿಡುತ್ತಿದ್ದಳು.

ಅಷ್ಟರಲ್ಲಿ ಸೀರೆ ಮಾರುವ ಹೆಂಗಸೊಬ್ಬಳು ಓಣಿಗೆ ಬರತೊಡಗಿದಳು. ಮಾತು ಬಲು ನಯ. ಮುಂಬಯಿಯ ದೊಡ್ಡ ಮನೆಯೊಂದಕ್ಕೆ ಅಡುಗೆಯವಳು ಬೇಕು, ಮಗಳ ಹಾಗೆ ನೋಡಿಕೊಳ್ಳುತ್ತಾರೆ ಎಂದಳು. ದೇವರೇ ಇವಳನ್ನು ಕಳಿಸಿದ ಎಂದುಕೊಂಡ ಅವ್ವ, ಪಕ್ಕದ ಮನೆಯಾಕೆಯನ್ನು ಅವಳ ಜೊತೆ ಕಳಿಸಲು ಒಪ್ಪಿದಳು. ದಾವಣಗೆರೆ ಸ್ಟೇಷನ್ನಿನಲ್ಲಿ ಗುರುತಿನವರು ಕಂಡಾರೆಂದು ಹರಿಹರದಲ್ಲಿ ರೈಲು ಹತ್ತುವುದೆಂದಾಯಿತು.

ಗಂಡ ಮಿಲ್ಲಿಗೆ ಹೋದ ಮೇಲೆ ಅವ್ವ ಆಕೆಯನ್ನು ದೇವರ ಮುಂದೆ ಕೂಡಿಸಿ ಉಡಿ ತುಂಬಿದಳು. ಅಕ್ಕಿ, ಕೊಬ್ಬರಿ, ಎಲೆ ಅಡಿಕೆ, ಕುಬಸದ ಕಣ. ಆ ಅಕ್ಕಿಯನ್ನು ಸೆರಗಿನಲ್ಲೇ ಹೊತ್ತು ಹೋಗಿ, ಸೇರುವ ಮನೆಯ ದೇವರ ಮುಂದಿಟ್ಟು, ಆಮೇಲೆ ಅನ್ನ ಮಾಡಿ ಉಣ್ಣುವುದು ನಮ್ಮ ಕಡೆಯ ಪದ್ಧತಿ. ಕಳಿಸಿಬರಲು ನಾನೂ ಅವ್ವನೂ ಬಸ್ಸಿನಲ್ಲಿ ಜೊತೆಗೆ ಹೋದೆವು.

ರೈಲು ಬಂದು ನಿಂತಿತ್ತು. ಅಲ್ಲೇ ಕಾದಿದ್ದ ಸೀರೆಯವಳು ಆಕೆಯ ಉಡಿ ನೋಡಿದ್ದೇ ಮುಖ ಸಿಂಡರಿಸಿದಳು. ಇದೇನು ಹಳ್ಳಿ ಗಂಟು ಎಂದು ಸೆರಗು ಜಗ್ಗಿ, ಅಕ್ಕಿಯನ್ನೆಲ್ಲ ಪ್ಲಾಟ್‌ಫಾರಂ ಮೇಲೆ ಕೊಡವಿಬಿಟ್ಟಳು. ಅಯ್ಯೋ ಶಿವನೇ!

"ಯಾಕ್ರಿ, ಮುತ್ತೈದಿ ಉಡಿ ಹಂಗ್ ಚೆಲ್ತಾರೇನ್ರಿ?" ಎಂದಳು ಅವ್ವ.

"ಅಲ್ಲಿ ಮುತ್ತೈದಿ ಯಾರಿಗ್ ಬೇಕು?" ಎಂದವಳೇ ಈಕೆಯ ಕಡೆ ತಿರುಗಿ, ತಾಳಿಯನ್ನೂ ಬಿಚ್ಚಿ ಕೊಡು ಎಂದಳು.

ಅಡುಗೆ ಮಾಡುವವಳ ತಾಳಿ ಯಾರಿಗೆ ಅಡ್ಡ? ಎಂಥ ಮನೆಗೆ ಒಯ್ಯುತ್ತಿದ್ದಾಳೆಂದು ಅವ್ವನಿಗೂ ನನಗೂ ಒಟ್ಟಿಗೇ ಹೊಳೆಯಿತು. ಹೊರಗೆ ಎಂದೂ ದನಿ ಎತ್ತದ ಅವ್ವ ಇಡೀ ಸ್ಟೇಷನ್ನಿಗೆ ಕೇಳುವಂತೆ ಬೈದಳು. ಜನ ಸೇರುವಷ್ಟರಲ್ಲಿ ಆ ಹೆಂಗಸು ಹೊರಟ ರೈಲು ಹತ್ತಿ ಮಾಯವಾದಳು.

ಬಸ್ಸಿಗೆ ಕಾಯುತ್ತ ಕೂತಾಗ ಅವ್ವ, ಏನೂ ತಿಳಿಯದ ಹುಡುಗಿಯನ್ನು ನಾನೇ ಕಟುಕರ ಕೈಗೆ ಕೊಡುತ್ತಿದ್ದೆನಲ್ಲ ಎಂದು ಅತ್ತಳು. ಆಕೆ ಅಳಲಿಲ್ಲ.

"ನಂಗೆ ಗೊತ್ತಿತ್ತು ಅವ್ವಾ. ಎಂಥ ಮನಿ ಅಂತ ಆಕಿ ಮೊದ್ಲೇ ಹೇಳಿದ್ಲು. ನಿಮ್ಗ್ ಹೇಳಿದ್ರೆ ಕಳಸ್ತಿರ್ಲಿಲ್ಲ ಅಂತ ಸುಮ್ನಿದ್ದೆ. ಅಲ್ಲಿ ಹೆಂಗಿದ್ರೂ ಜೀವ ಆದ್ರೂ ಉಳೀತಿತ್ತು."

ಅವ್ವನ ಅಳು ಅಲ್ಲೇ ನಿಂತಿತು. ಬಸ್ಸು ಬಂದರೂ ಆಕೆ ಏಳಲಿಲ್ಲ. ಅವ್ವ ತೋಳು ಹಿಡಿದು ಎಬ್ಬಿಸಿ, "ಆ ಮನಿಗ್ ಬ್ಯಾಡ. ನಮ್ಮನ್ಯಾಗೇ ಇರು, ಯಾರ್ ಬರ್ತಾರೋ ಬರ್ಲಿ" ಎಂದಳು. ಆಗ ಶುರುವಾದ ಆಕೆಯ ಅಳು ದಾವಣಗೆರೆ ಮುಟ್ಟುವವರೆಗೂ ನಿಲ್ಲಲಿಲ್ಲ.