ಟೈಲರಕ್ಕ ಚಿಂದಿಗೆ ಕಲಿಸಿದ್ದು

ಟೈಲರಕ್ಕನ ಬಾಯಲ್ಲಿ ಸದಾ ಗುಂಡುಸೂಜಿಗಳಿರುತ್ತವೆ. ಪ್ಯಾಂಟಿನ ಸೊಂಟ ಬಿಗಿಮಾಡುವುದು, ಲಂಗದ ಅಂಚು ಮಡಿಸುವುದು, ಜಿಪ್ ಬದಲಿಸುವುದು, ತೀರಿಕೊಂಡವರ ಕೋಟನ್ನು ಮಗನ ಅಳತೆಗೆ ಇಳಿಸಿಕೊಡುವುದು, ಹೀಗೆ ಬೇರೆಯವರು ಹೊಲಿದದ್ದನ್ನು ಬಿಚ್ಚಿ ಸರಿಮಾಡುವುದೇ ಅವಳ ಕಸುಬು. ತುಟಿಗಳ ನಡುವೆ ಸೂಜಿ ಕಚ್ಚಿಕೊಂಡವಳು ಮಾತಾಡುವುದು ಹೇಗೆ? ಅಳತೆ ಕೊಡಲು ಬಂದವರಿಗೆ ಎಲ್ಲವನ್ನೂ ಕೈಯಲ್ಲೇ ಹೇಳುತ್ತಾಳೆ. ತಿರುಗಿ, ನಿಲ್ಲಿ, ಕೈ ಎತ್ತಿ, ಆಯಿತು ಹೋಗಿ. ನಾಯಿಮರಿಗಳಿಗೂ ಅಷ್ಟೇ.

ಮರಿಗಳ ವಿಷಯ ಹೇಳಬೇಕು. ಊರಾಚೆ ಬೀದಿನಾಯಿಗಳ ಆಶ್ರಯವೊಂದಿದೆ. ಅದನ್ನು ನಡೆಸುವ ಡಾಕ್ಟರಮ್ಮ ಎಳೆಯ ಮರಿಗಳನ್ನು ಕಂಬಿಯ ಗೂಡಿಗೆ ಹಾಕದೆ ಯಾರದಾದರೂ ಮನೆಯಲ್ಲಿ ಬಿಡುತ್ತಾಳೆ. ಆ ಮನೆಯವರು ಕೆಲವು ತಿಂಗಳು ಸಾಕಿ, ಉಚ್ಚೆಗೆ ಹೊರಗೆ ಹೋಗುವುದು, ಹಗ್ಗ ಜಗ್ಗದೆ ನಡೆಯುವುದು, ಕೂರು ಎಂದರೆ ಕೂರುವುದು ಇಷ್ಟನ್ನು ಕಲಿಸಿ, ದತ್ತು ತೆಗೆದುಕೊಳ್ಳುವವರ ಕೈಗೆ ಒಪ್ಪಿಸಬೇಕು. ಟೈಲರಕ್ಕ ಇದನ್ನು ವರ್ಷಗಳಿಂದ ಮಾಡುತ್ತಿದ್ದಳು. ಹೊಲಿಗೆ ಮೆಷಿನ್ನಿನ ಕೆಳಗೆ ಬೀಳುವ ತುಂಡುಬಟ್ಟೆಯ ಗುಡ್ಡೆಯೇ ಮರಿಗಳ ಹಾಸಿಗೆ. ಕೊಟ್ಟು ಕಳಿಸುವಾಗ ಕರುಳು ಚುರುಕ್ ಅನ್ನೋದಿಲ್ವಾ ಎಂದು ಯಾರಾದರೂ ಕೇಳಿದರೆ ಸೂಜಿಗಳನ್ನು ಅಂಗೈಗೆ ಉಗುಳಿ, "ಹೊಲಿದ ಬಟ್ಟೇನ ಟೈಲರೇ ಹಾಕ್ಕೊಂಡು ತಿರುಗಿದ್ರೆ ಗಿರಾಕಿ ಸುಮ್ನಿರ್ತಾನಾ?" ಎನ್ನುತ್ತಿದ್ದಳು.

ಚುರುಕ್ ಅನ್ನುತ್ತಿತ್ತು. ಹೇಳುತ್ತಿರಲಿಲ್ಲ, ಅಷ್ಟೆ.

ಮನೆಯಲ್ಲಿ ಅವಳ ಜೊತೆಗಿದ್ದದ್ದು ಅತ್ತೆ ಒಬ್ಬಳೇ. ಗಂಡ ಬೇರೆ ಊರಿಗೆ ಕೆಲಸಕ್ಕೆಂದು ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ. ಅವನು ಬಿಟ್ಟುಹೋದ ಸಾಮಾನುಗಳಲ್ಲಿ ಒಂದು ಕಬ್ಬಿಣದ ಬೀರು, ಒಂದು ಒಡಕು ಸೂಟ್‌ಕೇಸು, ಮತ್ತು ಅವನ ತಾಯಿ. ಬೀರುವನ್ನೂ ಸೂಟ್‌ಕೇಸನ್ನೂ ಟೈಲರಕ್ಕ ಮಾರಿದಳು. ಅತ್ತೆ ಮಾತ್ರ ಮಂಡಿ ಹಿಡಿದುಕೊಂಡು ಮಂಚದ ಮೇಲೆ ಉಳಿದಳು. ಕಾಲು ನಿಂತಿತ್ತು, ನಾಲಿಗೆ ನಿಂತಿರಲಿಲ್ಲ.

ಈ ಮನೆಗೆ ಬಂದದ್ದು ಚಿಂದಿ. ಕಂದು ಮೈ, ಒಂದು ಕಿವಿ ಬಿಳುಪು, ಅಂಗೈಯಗಲದ ಮುಖ. ಬಂದ ಗಳಿಗೆಯಲ್ಲೇ ತುಂಡುಬಟ್ಟೆಯ ಗುಡ್ಡೆಯೊಳಗೆ ತಲೆ ಹುದುಗಿಸಿತು ಎಂದು ಅತ್ತೆಯೇ ಆ ಹೆಸರಿಟ್ಟಳು. ಬುದ್ಧಿ ಎಂದರೆ ಅಂಥಿಂಥ ಬುದ್ಧಿಯಲ್ಲ, ಒಮ್ಮೆ ತೋರಿಸಿದರೆ ಸಾಕು. ಆದರೆ ಬಾಯಿ! ಬಾಗಿಲ ಗಂಟೆ ಬಾರಿಸಿದರೆ ಬೊಗಳು, ಕುಕ್ಕರ್ ಕೂಗಿದರೆ ಬೊಗಳು, ತಟ್ಟೆ ಖಾಲಿಯಾದರೆ ಬೊಗಳು. ಹಗ್ಗದ ಮೇಲೆ ಒಣಗುವ ಪ್ಯಾಂಟು ಗಾಳಿಗೆ ಕಾಲಾಡಿಸಿದರೂ ಬೊಗಳು.

ಮಹಡಿಯ ಮೇಲೊಬ್ಬಳು ಹೊಸ ತಾಯಿ ಇದ್ದಳು. ಚೊಚ್ಚಲು ಮಗು. ಅದು ಅತ್ತರೆ ಯಾಕೆ ಅಳುತ್ತಿದೆ ಎಂಬ ಚಿಂತೆ, ಅಳದಿದ್ದರೆ ಯಾಕೆ ಅಳುತ್ತಿಲ್ಲ ಎಂಬ ಚಿಂತೆ. ಮಲಗಿದ ಮಗುವಿನ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡಿ, ನೋಡುವ ಭರದಲ್ಲಿ ಎಬ್ಬಿಸಿಬಿಟ್ಟು, ತಾನೂ ಅಳುವ ಜಾತಿ. ಒಂದು ಮಧ್ಯಾಹ್ನ ಅವಳು ಕೂದಲು ಕೆದರಿಕೊಂಡು ಕೆಳಗಿಳಿದು ಬಂದಳು.

"ಅಕ್ಕಾ, ಈಗ ತಾನೇ ಮಲಗಿಸಿದ್ದೆ. ಎರಡು ಗಂಟೆ ತೊಡೆ ಮೇಲೆ ಹಾಕ್ಕೊಂಡು ತೂಗಿ ತೂಗಿ... ನಿಮ್ಮ ನಾಯಿ ಒಂದ್ಸಲ ವೌ ಅಂತು, ಮುಗೀತು."

"ಮರಿ ಅಲ್ವೇನಮ್ಮ..."

"ನಂದೂ ಮರೀನೇ ಅಕ್ಕಾ!" ಎಂದವಳ ಕಣ್ಣಲ್ಲಿ ನೀರಾಡಿತು.

ಮಂಚದಿಂದ ಅತ್ತೆ ತಲೆ ಎತ್ತಿದಳು. "ನಾಯಿ ಬೊಗಳಿದ್ರೆ ದೇವಲೋಕ ಹಾಳಾಗುತ್ತಾ?"

"ದೇವಲೋಕ ಹಾಳಾಗಲ್ಲ ಅಜ್ಜಿ, ನಾನು ಹಾಳಾಗ್ತೀನಿ."

ಮಾರನೆಯ ದಿನ ಮನೆ ಮಾಲೀಕ ಬಾಗಿಲಲ್ಲಿ ನಿಂತ. ಇನ್ನೊಂದು ದೂರು ಬಂದರೆ ಈ ಮನೆಯಲ್ಲಿ ನಾಯಿಯ ಸುದ್ದಿಯೇ ಬೇಡ ಎಂದ. ಟೈಲರಕ್ಕನ ದಿನಗಳಲ್ಲಿ ತನ್ನದು ಎನ್ನುವಂತಿದ್ದದ್ದು ಮರಿಗಳು ಮಾತ್ರ.

ಆವತ್ತಿನಿಂದ ಪಾಠ ಶುರುವಾಯಿತು. ಹೊಡೆಯುವವಳಲ್ಲ, ಗದರುವವಳೂ ಅಲ್ಲ. ಬಾಯಲ್ಲಿ ಸೂಜಿ ಇದ್ದವಳು ಗದರುವುದಾದರೂ ಎಲ್ಲಿಂದ? ಚಿಂದಿ ಬೊಗಳಿದರೆ ಸಾಕು, ಮೆಷಿನ್ನಿನ ಪೆಡಲು ನಿಲ್ಲುತ್ತಿತ್ತು. ಅಕ್ಕ ಒಂದು ಬೆರಳೆತ್ತಿ, ಮುಖವನ್ನು ಗೋಡೆಗೆ ತಿರುಗಿಸಿ ಕಲ್ಲಾಗುತ್ತಿದ್ದಳು. ಸುಮ್ಮನಾದ ಮೇಲೆ ಮೆಷಿನ್ ಮತ್ತೆ ಓಡುತ್ತಿತ್ತು, ಬೇಯಿಸಿದ ಮೊಟ್ಟೆಯ ಒಂದು ಚೂರು ಮೇಜಿನ ಕೆಳಗೆ ಬರುತ್ತಿತ್ತು. ಚಿಂದಿಗೆ ಅರ್ಥವಾದದ್ದು ಇಷ್ಟು. ಬಾಯಿ ತೆರೆದರೆ ಅಕ್ಕ ಇಲ್ಲವಾಗುತ್ತಾಳೆ, ಮುಚ್ಚಿದರೆ ತಿರುಗಿ ಬರುತ್ತಾಳೆ.

ನಾಯಿಗೆ ಹೇಳಿದರೆ ಅದು ತನ್ನ ಬಾಲಕ್ಕೆ ಹೇಳಿತಂತೆ ಅನ್ನುತ್ತಾರಲ್ಲ, ಈ ನಾಯಿ ಹಾಗೆ ಮಾಡಲಿಲ್ಲ. ಪೂರ್ತಿ ಕೇಳಿಸಿಕೊಂಡಿತು. ಗಂಟೆಗೆ ಬೊಗಳುವುದು ನಿಂತಿತು, ಹಸಿವಿಗೆ ಬೊಗಳುವುದು ನಿಂತಿತು. ಒಮ್ಮೆ ಬಾಲದ ಮೇಲೆ ಕುರ್ಚಿಯ ಕಾಲು ಕೂತಾಗಲೂ ಹಲ್ಲು ಬಿಗಿಹಿಡಿದು ಅಕ್ಕನ ಮುಖವನ್ನೇ ನೋಡಿತು. ಏನು ಬೇಕಾದರೂ ಮುಚ್ಚಿದ ಬಾಗಿಲ ಮುಂದೆ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿತ್ತು. ಯಾರಾದರೂ ನೋಡುವವರೆಗೆ ಕಾಯುತ್ತಿತ್ತು. ಮೇಲಿನ ಮನೆಯವಳು ಒಂದು ಡಬ್ಬಿ ಬಿಸ್ಕತ್ತು ತಂದುಕೊಟ್ಟು ಕೈ ಹಿಡಿದುಕೊಂಡಳು. ಡಾಕ್ಟರಮ್ಮ ಬಂದು, "ನಿಮ್ಮ ಕೈಯಲ್ಲಿ ಬೆಳೆದದ್ದು ಅಂದ್ರೆ ಗ್ಯಾರಂಟಿ ಮಾಲು ಬಿಡಿ" ಎಂದು ಬೆನ್ನು ತಟ್ಟಿದಳು.

ಅತ್ತೆಯೊಬ್ಬಳಿಗೆ ಮಾತ್ರ ಸಮಾಧಾನವಿಲ್ಲ. "ಮೂಗಿ ಮಾಡಿಟ್ಟೆ ಕಣೇ ಅದನ್ನ. ಅಳೋ ಮಗೂಗೇ ಹಾಲು ಸಿಗೋದು."

"ನೀವು ಅಳದೇನೇ ಎಲ್ಲಾ ಸಿಗ್ತಿದೆಯಲ್ಲ ಅತ್ತೆ."

"ಯಾರು ಹೇಳಿದ್ದು ಅಳಲ್ಲ ಅಂತ? ನಿನ್ನ ಮೆಷಿನ್ ಸದ್ದಲ್ಲಿ ನಿಂಗೆ ಕೇಳ್ಸಲ್ಲ."

ಚಿಂದಿಯನ್ನು ದತ್ತು ತೆಗೆದುಕೊಂಡವರು ಬ್ಯಾಂಕಿನಲ್ಲಿ ಕೆಲಸ ಮಾಡುವ ಗಂಡ ಹೆಂಡತಿ. ಮಕ್ಕಳಿಲ್ಲ, ಎತ್ತರದ ಕಟ್ಟಡದಲ್ಲಿ ಫ್ಲ್ಯಾಟು, ಗಲಾಟೆ ಮಾಡದ ನಾಯಿಯೇ ಬೇಕು ಎಂದು ಕೇಳಿಕೊಂಡು ಬಂದವರು. ಒಳ್ಳೆಯ ಜನ. ಆ ಹೆಂಡತಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಚಿಂದಿಯ ಬಿಳಿ ಕಿವಿಯನ್ನು ಸವರಿದ ರೀತಿಯಲ್ಲೇ ಟೈಲರಕ್ಕನಿಗೆ ಅದು ತಿಳಿಯಿತು. ಕಾರಿನ ಹಿಂದಿನ ಗಾಜಿನಲ್ಲಿ ಚಿಂದಿಯ ಮುಖ ದೂರವಾಯಿತು. ಕೂಗಲಿಲ್ಲ. "ನೋಡಿ, ಎಷ್ಟು ಜಾಣೆ" ಎಂದಳು ಡಾಕ್ಟರಮ್ಮ.

ಎರಡು ತಿಂಗಳು ಕಳೆದಿರಬೇಕು. ಒಂದು ಬೆಳಿಗ್ಗೆ ಬ್ಯಾಂಕಿನ ಹೆಂಡತಿ ಫೋನ್ ಮಾಡಿದಳು. ಮಾತೇ ಹೊರಡುತ್ತಿಲ್ಲ. ಚಿಂದಿ ಮೊನ್ನೆ ಸಂಜೆಯಿಂದ ಕಾಣುತ್ತಿಲ್ಲ. ಗೇಟು ದಾಟಿ ಹೋಗಿರಬೇಕು, ಬೀದಿ ಬೀದಿ ಹುಡುಕಿದ್ದಾಯಿತು, ಗೋಡೆಗಳಿಗೆ ಫೋಟೊ ಅಂಟಿಸಿದ್ದಾಯಿತು.

ಟೈಲರಕ್ಕ ಅತ್ತೆಯ ಪಕ್ಕದಲ್ಲಿ ನೀರಿನ ಚೊಂಬಿಟ್ಟು, ಆಟೊ ಹಿಡಿದು ಹೊರಟಳು. ಆ ಕಟ್ಟಡದ ಸುತ್ತಲಿನ ರಸ್ತೆಗಳಲ್ಲಿ, ನಿಂತ ಲಾರಿಗಳ ಅಡಿಯಲ್ಲಿ, ಚರಂಡಿಯ ಚಪ್ಪಡಿಗಳ ಸಂದಿಯಲ್ಲಿ ಹುಡುಕಿದಳು. ಬಿಸಿಲೇರಿದಾಗ ಎಲ್ಲರೂ ಸೋತು ಗೇಟಿನ ಬಳಿ ನಿಂತರು.

ಬ್ಯಾಂಕಿನ ಗಂಡ ತನಗೆ ತಾನೇ ಹೇಳಿಕೊಳ್ಳುವಂತೆ ಅಂದ, "ಹತ್ತಿರದಲ್ಲೆಲ್ಲೂ ಇಲ್ಲ. ಎಲ್ಲಾದ್ರೂ ಸಿಕ್ಕಿಹಾಕ್ಕೊಂಡಿದ್ರೆ ಬೊಗಳ್ತಿತ್ತಲ್ವಾ?"

ಟೈಲರಕ್ಕ ತಿರುಗಿ ಕಟ್ಟಡದ ಕಡೆ ನೋಡಿದಳು.

"ಇಲ್ಲ ಸಾರ್," ಎಂದಳು. "ಬೊಗಳಲ್ಲ. ಮುಚ್ಚಿರೋ ಬಾಗಿಲು ಎಲ್ಲೆಲ್ಲಿವೆ? ಎಲ್ಲಾ ತೆಗೆಸಿ."

ಮೀಟರ್ ಕೋಣೆ ತೆಗೆಸಿದರು. ಲಿಫ್ಟಿನ ಕೋಣೆ ತೆಗೆಸಿದರು. ಪಂಪಿನ ಕೋಣೆಯ ಹತ್ತಿರ ಬಂದಾಗ ವಾಚ್‌ಮನ್ ತಾತ ಕುರ್ಚಿಯಿಂದ ಏಳಲೇ ಇಲ್ಲ.

"ಇದರೊಳಗಾ? ನಾನು ಹಗಲೂ ರಾತ್ರಿ ಈ ಬಾಗಿಲಿಗೆ ಒರಗಿ ಕೂತಿರ್ತೀನಮ್ಮಾ. ಇಲಿ ಓಡಾಡಿದ್ರೂ ಕೇಳ್ಸುತ್ತೆ. ಒಂದು ಚೂರು ಸದ್ದು ಬಂದಿಲ್ಲ."

"ಸದ್ದು ಬರಲ್ಲ ತಾತ. ತೆಗೀರಿ."

ಗೊಣಗುತ್ತಾ ಎದ್ದು ಬೀಗ ತೆಗೆದ. ಮೋಟಾರು ನೋಡಲು ಬಂದ ಪ್ಲಂಬರನ ಹಿಂದೆ ನುಸುಳಿತ್ತೋ ಏನೋ, ಚಿಂದಿ ಒಳಗಿತ್ತು. ಬಾಗಿಲಿಗೆ ಮುಖಮಾಡಿ ಬೆನ್ನು ನೆಟ್ಟಗಿಟ್ಟು ಕೂತಿತ್ತು. ಕಣ್ಣುಗಳು ಒಳಗೆ ಹೋಗಿದ್ದವು, ನಾಲಿಗೆ ಒಣಗಿದ ಚರ್ಮದಂತಾಗಿತ್ತು. ಬಾಗಿಲನ್ನು ಪರಚಿರಲಿಲ್ಲ. ಒಂದು ಗೀರೂ ಇರಲಿಲ್ಲ. ಟೈಲರಕ್ಕನನ್ನು ಕಂಡು ಬಾಲ ಒಂದು ಸಲ ಅಲ್ಲಾಡಿತು, ಆಮೇಲೆ ಚಿಂದಿ ಪಕ್ಕಕ್ಕೆ ವಾಲಿತು.

"ಅಯ್ಯೋ, ಒಂದು ಮಾತು ಕೂಗಬಾರದಿತ್ತಾ ನೀನು," ಎಂದು ತಾತ ತಲೆ ಹಿಡಿದುಕೊಂಡ. "ನನ್ನ ಬೆನ್ನ ಹಿಂದೇನೇ ಇದ್ಯಲ್ಲೇ!"

ಚಿಂದಿ ಬದುಕಿತು. ಡಾಕ್ಟರಮ್ಮನ ಆಸ್ಪತ್ರೆಯಲ್ಲಿ ನಾಲ್ಕಾರು ದಿನ ಗ್ಲೂಕೋಸ್ ಬಾಟಲಿ ಏರಿಸಿಕೊಂಡು ಎದ್ದಿತು. ಆದರೆ ಬ್ಯಾಂಕಿನವರು ತಿರುಗಿ ಕರೆದೊಯ್ಯಲಿಲ್ಲ. "ಮನೇಲಿ ಏನು ಸದ್ದಿಲ್ಲದಿದ್ರೂ ನನ್ನ ಹೆಂಡತಿ ಎದ್ದೆದ್ದು ಬಾಗಿಲು ತೆಗೆದು ನೋಡ್ತಾಳೆ," ಎಂದ ಗಂಡ. ಹೆಂಡತಿ ಕಾರಿನಿಂದ ಇಳಿಯಲೇ ಇಲ್ಲ. ಅವರ ಮೇಲೆ ಕೋಪ ಮಾಡಿಕೊಳ್ಳಲು ಟೈಲರಕ್ಕನಿಗೆ ಬಾಯಿರಲಿಲ್ಲ.

ಚಿಂದಿ ಮತ್ತೆ ತುಂಡುಬಟ್ಟೆಯ ಗುಡ್ಡೆಗೇ ಬಂತು. ಈಗ ಮೆಷಿನ್ನಿನ ಕೆಳಗೆ ಉಲ್ಟಾ ಪಾಠ. ಬೊಗಳಿದರೆ ಮೊಟ್ಟೆ ಎಂದು ಕಾದು ಕೂತಳು. ಗಂಟೆ ಬಾರಿಸಿದಳು, ತಟ್ಟೆ ಬಡಿದಳು, ತಟ್ಟೆಯನ್ನು ಖಾಲಿ ಬಿಟ್ಟು ನೋಡಿದಳು. ಚಿಂದಿ ಇನ್ನಷ್ಟು ನೆಟ್ಟಗೆ ಕೂತಿತು. ಇನ್ನೂ ಜಾಣೆಯಾಗಬೇಕೇನೋ ಎಂದುಕೊಂಡಿತು ಪಾಪ. ಮಂಚದ ಮೇಲಿದ್ದ ಅತ್ತೆ ಕೊನೆಗೆ ತಡೆಯಲಾರದೆ ತಾನೇ ಬೊಗಳಿ ತೋರಿಸಿದಳು.

"ವೌ! ವೌ ವೌ! ಹಿಂಗೆ ಕಣೇ, ಗಂಟಲಿಂದ!"

ಅಳತೆ ಕೊಡಲು ಬಂದ ಗಿರಾಕಿ ಹೊಸ್ತಿಲಲ್ಲೇ ಬೆಚ್ಚಿ ನಿಂತ. ಟೈಲರಕ್ಕ ನಕ್ಕಳು, ನಗುತ್ತಾ ನಗುತ್ತಾ ಕತ್ತರಿಯನ್ನು ಕೆಳಗಿಟ್ಟು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅತ್ತೆ ನಗಲಿಲ್ಲ. "ಹೊಲಿಗೆ ಬಿಚ್ಚಿದ ಹಾಗಲ್ಲ ಇದು," ಎಂದು ಗೋಡೆಯ ಕಡೆ ತಿರುಗಿ ಮಲಗಿದಳು.

ಡಾಕ್ಟರಮ್ಮ ಬೇಗನೆ ಇನ್ನೊಂದು ಮನೆ ಹುಡುಕಿದಳು. ಬೇಕರಿಯವನು, ಜೊತೆಗೆ ಅವನ ಪುಟ್ಟ ಮಗಳು. ಅವರು ಬರುವ ಮುಂಚೆ ಟೈಲರಕ್ಕನನ್ನು ಅಡುಗೆಮನೆಗೆ ಕರೆದು ಮೆಲ್ಲಗೆ ಹೇಳಿದಳು, "ಆ ಪಂಪ್ ರೂಮಿನ ಕಥೆ ಎತ್ತಬೇಡಿ. ಒಂದ್ಸಲ ವಾಪಸ್ ಬಂದ ನಾಯಿ ಅಂದ್ರೇನೇ ಜನ ಮುಖ ಕಿವುಚ್ತಾರೆ. ಇದೂ ಹೋದ್ರೆ ಗೂಡಿಗೇ ಹಾಕಬೇಕು. ಅಲ್ಲಿ ಗೊತ್ತಲ್ಲ, ಕೂಗೋ ನಾಯಿಗೇ ಮೊದಲು ಅನ್ನ."

ಟೈಲರಕ್ಕ ತಲೆಯಾಡಿಸಿದಳು. ಹೇಳಬಾರದೆಂದೇ ಇದ್ದಳು. ಹುಡುಗಿ ಮೇಜಿನ ಕೆಳಗೆ ನುಗ್ಗಿ ಚಿಂದಿಯ ಕುತ್ತಿಗೆಗೆ ಜೋತುಬಿದ್ದಳು. ಚಿಂದಿ ಅವಳ ಕೆನ್ನೆ ನೆಕ್ಕಿತು. ಬೇಕರಿಯವನು ಖುಷಿಯಿಂದ ತನ್ನ ಮನೆಯ ವಿಷಯ ಹೇಳತೊಡಗಿದ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಲೆಯ ಕೋಣೆ, ಮೈದಾ ಮೂಟೆಯ ಗೋಡೌನು, ಬೇಕಾದಷ್ಟು ಜಾಗ.

ಟೈಲರಕ್ಕ ಬಾಯಿಂದ ಒಂದೊಂದೇ ಸೂಜಿ ತೆಗೆದು ಮೇಜಿನ ಮೇಲಿಟ್ಟಳು.

"ಸಾರ್, ಇದು ಕೂಗಲ್ಲ. ಹಸಿವಾದ್ರೂ ಕೂಗಲ್ಲ, ನೋವಾದ್ರೂ ಕೂಗಲ್ಲ. ಎರಡು ರಾತ್ರಿ ಬೀಗ ಹಾಕಿದ ಕೋಣೇಲಿ ನೀರಿಲ್ಲದೆ ಕೂತಿತ್ತು, ಉಸಿರು ಬಿಡಲಿಲ್ಲ. ಹಾಗೆ ಕಲಿಸಿದ್ದು ನಾನೇ. ನೀವು ಯಾವ ಬಾಗಿಲು ಹಾಕೋ ಮೊದಲೂ ಇದು ಎಲ್ಲಿದೆ ಅಂತ ನೋಡ್ಬೇಕು. ದಿನಾ. ಒಂದು ದಿನಾನೂ ಮರೆಯೋ ಹಾಗಿಲ್ಲ."

ಬೇಕರಿಯವನ ಮುಖ ಇಳಿಯಿತು. "ನಂದು ಷಟರು, ಗೋಡೌನು, ಒಲೆ ಬಾಗಿಲು... ಕೆಲಸದವರು ದಿನಕ್ಕೊಬ್ಬರು ಬದಲಾಗ್ತಾರೆ. ನಾನು ನೋಡಿದ್ರೂ ಅವರು ನೋಡ್ತಾರೆ ಅಂತ ಏನು ಗ್ಯಾರಂಟಿ ತಾಯಿ? ಬೇಡ. ಪಾಪ ನಂಗೆ ಸುತ್ಕೊಳ್ಳುತ್ತೆ." ಮಗಳನ್ನು ಮೇಜಿನ ಕೆಳಗಿನಿಂದ ಎಳೆದುಕೊಳ್ಳಬೇಕಾಯಿತು. ಅವಳ ಅಳು ಬೀದಿಯ ತಿರುವಿನವರೆಗೂ ಕೇಳಿಸಿತು.

"ಸಮಾಧಾನ ಆಯ್ತಾ ಈಗ?" ಎಂದಳು ಡಾಕ್ಟರಮ್ಮ. ಚೀಲ ಹೆಗಲಿಗೇರಿಸಿಕೊಂಡವಳು ಬಾಗಿಲಲ್ಲಿ ನಿಂತು ಸ್ವಲ್ಪ ಮೆತ್ತಗಾದಳು. "ನೀವೇ ಇಟ್ಕೊಳ್ಳೋದಾದ್ರೆ ಇಟ್ಕೊಳ್ಳಿ. ಆದ್ರೆ ನಿಮ್ಮ ಮಾಲೀಕರು ಒಂದಕ್ಕಿಂತ ಹೆಚ್ಚು ನಾಯಿ ಬಿಡಲ್ಲ. ಇನ್ನು ಮೇಲೆ ನಿಮಗೆ ಮರಿ ಕಳಿಸೋಕೆ ಆಗಲ್ಲ. ಯೋಚನೆ ಮಾಡಿ ಹೇಳಿ."

"ಯೋಚನೆ ಏನಿಲ್ಲ ಡಾಕ್ಟರಮ್ಮ," ಎಂದಳು ಟೈಲರಕ್ಕ. ಆಶ್ರಯದಿಂದ ಬರಬೇಕಿದ್ದ ಮುಂದಿನ ಮರಿಗಾಗಿ ತೊಳೆದಿಟ್ಟಿದ್ದ ಪುಟ್ಟ ಕೊರಳಪಟ್ಟಿಯನ್ನು ಗೂಟದಿಂದ ತೆಗೆದು ಅವಳ ಕೈಗೆ ಕೊಟ್ಟಳು.

ಈಗ ಟೈಲರಕ್ಕನ ಕೆಲಸ ನಿಧಾನವಾಗಿದೆ ಎಂದು ಗಿರಾಕಿಗಳು ಗೊಣಗುತ್ತಾರೆ. ಸಂಜೆಗೆ ಕೊಡುತ್ತೇನೆಂದದ್ದು ನಾಳಿದ್ದಿಗೆ ಹೋಗುತ್ತದೆ, ಕೆಲವರು ಮುಂದಿನ ಬೀದಿಯ ಅಂಗಡಿ ಹಿಡಿದಿದ್ದಾರೆ. ಒಂದು ಹೊಲಿಗೆ ನೆಟ್ಟಗೆ ಮುಗಿಯುವುದಿಲ್ಲ. ನಡುವೆ ಪೆಡಲಿನಿಂದ ಕಾಲು ತೆಗೆಯುತ್ತಾಳೆ. ಚಿಂದಿ ಎಲ್ಲಿ? ಬಚ್ಚಲ ಬಾಗಿಲು ಹಾಕಿದೆಯಾ? ನೀರಿದೆಯಾ? ಕಾಲೇನಾದರೂ ಕುಂಟುತ್ತಿದೆಯಾ? ಅದು ಹೇಳುವುದಿಲ್ಲ. ಕತ್ತರಿ ಕೆಳಗಿಟ್ಟು, ಸೊಂಟ ಹಿಡಿದುಕೊಂಡು, ಇವಳೇ ಎದ್ದು ಹೋಗಿ ನೋಡಬೇಕು.